ಮಗುವಿನ ತೂಕ ಯಾರ ಲೆಕ್ಕ?

ಮಗು ದಪ್ಪಗಾಗಿದೆ ಎಂದು ನಮ್ಮಲ್ಲಿ ಯಾರೂ ನೇರವಾಗಿ ಹೇಳುವುದಿಲ್ಲ. ‘ಮೈಕೈ ತುಂಬಿಕೊಂಡಿದೆ’ ಎನ್ನುತ್ತಾರೆ, ಅದನ್ನೂ ಮೆಲ್ಲಗೆ. ಹಾಗೆಂದವರು ಹೊಸ್ತಿಲು ದಾಟಿದ ಮೇಲೆ ಅಜ್ಜಿಯೊಬ್ಬರು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಬಡಕಲು, ನರಪೇತಲ, ಸೊರಗಿದ್ದು, ಕಡ್ಡಿಯಂಥದ್ದು ಎಂದು ತೆಳ್ಳಗಿನ ಮಗುವಿನ ಬಗ್ಗೆ ಮರುಗಲು ಕನ್ನಡದಲ್ಲಿ ಎಷ್ಟೋ ಮಾತುಗಳಿವೆ. ದಪ್ಪ ಮಗುವಿಗೆ ಇರುವುದು ಮನೆಯೊಳಗಿನ ಮುದ್ದು, ಶಾಲೆಯ ಅಂಗಳದಲ್ಲಿ ಅದೇ ಮುದ್ದು ತಿರುಗಿ ಬೈಗುಳವಾದ ‘ಗುಂಡ’, ‘ಡುಮ್ಮಿ’. ‘ಬೊಜ್ಜು’ ದೊಡ್ಡವರ ಹೊಟ್ಟೆಗೆ ಅಂಟಿಕೊಂಡ ಪದ. ‘ಬಾಲ್ಯದ ಬೊಜ್ಜು’ ಎಂಬುದನ್ನು ನಾವು ಆರೋಗ್ಯ ಪುಟಗಳಲ್ಲಿ ಓದುತ್ತೇವೆಯೇ ಹೊರತು ಅಡುಗೆಮನೆಯಲ್ಲಿ ಆಡುವುದಿಲ್ಲ. ಬರಗಾಲ ಕಂಡ ನಾಡಿನ ಭಾಷೆಗೆ ತುಂಬಿದ ಕೆನ್ನೆಯನ್ನು ರೋಗ ಎನ್ನಲು ನಾಲಿಗೆ ಹೊರಳದಿರುವುದು ಸಹಜವೇ.

ಆದರೆ ಲೆಕ್ಕ ಬದಲಾಗಿದೆ. 2025ರಲ್ಲಿ ಯುನಿಸೆಫ್ ಹೊರತಂದ ವರದಿಯ ಪ್ರಕಾರ ಜಗತ್ತಿನ 5ರಿಂದ 19 ವರ್ಷದ ಮಕ್ಕಳಲ್ಲಿ ಬೊಜ್ಜು ಇರುವವರು ಶೇ 9.4, ಕಡಿಮೆ ತೂಕದವರು ಶೇ 9.2. ಮೊದಲ ಸಲ ತಕ್ಕಡಿ ಆ ಕಡೆಗೆ ವಾಲಿದೆ. ಭಾರತದಲ್ಲಿ ಇನ್ನೂ ಹಾಗಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.5ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು; ಅತಿತೂಕದವರು ಶೇ 3.4 ಮಾತ್ರ. ಆದರೆ ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ 2.1 ಇತ್ತು. ಒಂದೇ ಬೀದಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಎರಡೂ ಇವೆ.

ಇದನ್ನು ಎದುರಿಸಲು ಈಗ ಎಲ್ಲರೂ ತೋರಿಸುವ ದಾರಿ ಫೋನು. ಮಗು ಎಷ್ಟು ಹೆಜ್ಜೆ ನಡೆಯಿತು, ಏನು ತಿಂದಿತು, ಎಷ್ಟು ಹೊತ್ತು ಮಲಗಿತು, ಎತ್ತರ ತೂಕ ಎಷ್ಟು ಎಂಬುದನ್ನೆಲ್ಲ ಆ್ಯಪ್ ಬರೆದಿಟ್ಟುಕೊಳ್ಳುತ್ತದೆ. ಸಾವಿರಾರು ಮಕ್ಕಳ ಮಾಹಿತಿ ಒಂದೆಡೆ ಸೇರುತ್ತದೆ. ವೈದ್ಯರು, ಶಾಲೆಗಳು, ಸರ್ಕಾರ ಅದನ್ನು ಹಂಚಿಕೊಂಡು ಕ್ರಮ ಕೈಗೊಳ್ಳುತ್ತಾರೆ. ಕೇಳಲು ಚೆನ್ನಾಗಿದೆ. ನನಗೆ ಇದರಲ್ಲಿ ತಂತ್ರಜ್ಞಾನಕ್ಕಿಂತ ಮೊದಲು ನೀತಿಯ ಪ್ರಶ್ನೆಯೊಂದು ಕಾಣುತ್ತದೆ. ಒಂದು ಮಗುವಿನ ಮೈಯನ್ನು ಅಳೆದು ಬರೆದಿಟ್ಟುಕೊಳ್ಳುವ ಹಕ್ಕು ನಮಗೆ ಎಲ್ಲಿಂದ ಬರುತ್ತದೆ? ಅಳೆದ ಮೇಲೆ ಆ ಸಂಖ್ಯೆಗೆ ಯಾರು ಉತ್ತರ ಕೊಡಬೇಕು?

ಸಂಖ್ಯೆಯ ಹುಟ್ಟಿನಿಂದಲೇ ಶುರು ಮಾಡೋಣ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಸೂತ್ರ ಬೆಲ್ಜಿಯಂನ ಅಡಾಲ್ಫ್ ಕೆಟಲೆಯದು, 1830ರ ದಶಕದ್ದು. ಆತ ವೈದ್ಯನಲ್ಲ, ಖಗೋಳ ಶಾಸ್ತ್ರಜ್ಞ. ನಕ್ಷತ್ರಗಳ ಅಳತೆಯಲ್ಲಿ ಬರುವ ತಪ್ಪುಗಳ ನಡುವೆ ಸರಾಸರಿಯನ್ನು ಹುಡುಕುವ ವಿದ್ಯೆಯನ್ನೇ ಮನುಷ್ಯರ ಮೇಲೆ ಪ್ರಯೋಗಿಸಿ ‘ಸರಾಸರಿ ಮನುಷ್ಯ’ನನ್ನು ಕಲ್ಪಿಸಿದ. ಅವನಿಗೆ ಬೇಕಿದ್ದುದು ಒಂದು ಸಮಾಜದ ಚಿತ್ರ. ಎದುರಿಗೆ ನಿಂತ ಒಬ್ಬ ವ್ಯಕ್ತಿಯ ಆರೋಗ್ಯ ಹೇಳುವ ಉದ್ದೇಶ ಅವನಿಗಿರಲಿಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’ ಎಂಬ ಹೆಸರು ಕೊಟ್ಟ ಮೇಲೆ ಬಿಎಂಐ ಆಸ್ಪತ್ರೆಯ ಚೀಟಿಗೆ ಬಂತು, ಈಗ ಶಾಲೆಯ ಪ್ರಗತಿ ಪತ್ರಕ್ಕೂ ಬರುತ್ತಿದೆ.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಫೋಟೋ ಪ್ರಕಟಿಸಿದರು. ಅದರಲ್ಲಿ ಅವರೂ ಅವರ ಬ್ರಿಟಿಷ್ ಸಹೋದ್ಯೋಗಿ ಜಾನ್ ಯಡ್ಕಿನ್ನರೂ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐಯೂ 22.3. ಯಡ್ಕಿನ್ನರ ಮೈಯಲ್ಲಿದ್ದ ಕೊಬ್ಬು ಶೇ 9.1, ಯಾಜ್ಞಿಕರದು ಶೇ 21.2. ಭಾರತದ ಮಗು ಹುಟ್ಟುವಾಗಲೇ ಕಾಣಲು ತೆಳ್ಳಗೆ, ಒಳಗೆ ಕೊಬ್ಬು ಹೆಚ್ಚು ಎಂಬುದು ಅವರ ದೀರ್ಘಕಾಲದ ಸಂಶೋಧನೆಯ ತಿರುಳು. ಅಂದರೆ ಆ್ಯಪ್ ಹಸಿರು ಬಣ್ಣ ತೋರಿಸಿದ ಮಗುವಿಗೆ ಅಪಾಯವಿರಬಹುದು, ಕೆಂಪು ತೋರಿಸಿದ ಮಗು ಚೆನ್ನಾಗಿಯೇ ಇರಬಹುದು. ಹಾಗಂತ ಸಂಖ್ಯೆಯನ್ನು ಎಸೆಯಬೇಕಿಲ್ಲ. ಸಾವಿರ ಮಕ್ಕಳ ಬಗ್ಗೆ ಅದು ಸುಮಾರಾಗಿ ಸರಿಯಾದದ್ದನ್ನೇ ಹೇಳುತ್ತದೆ, ಒಂದು ಮಗುವಿನ ಬಗ್ಗೆ ತಡವರಿಸುತ್ತದೆ. ಈ ವ್ಯತ್ಯಾಸವನ್ನು ಮರೆತಲ್ಲೇ ತೊಂದರೆ ಶುರುವಾಗುವುದು.

ಇಂಗ್ಲೆಂಡಿನ ಉದಾಹರಣೆ ನೋಡಿ. ಅಲ್ಲಿ 2005ರಿಂದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಎರಡು ಸಲ ಅಳೆಯುತ್ತಾರೆ: ನಾಲ್ಕೈದು ವರ್ಷಕ್ಕೆ ಶಾಲೆ ಸೇರಿದಾಗ ಒಮ್ಮೆ, ಹತ್ತು ಹನ್ನೊಂದು ವರ್ಷಕ್ಕೆ ಇನ್ನೊಮ್ಮೆ. ಬೇಡ ಎನ್ನುವ ಪೋಷಕರು ಬರೆದು ತಿಳಿಸಬೇಕು; ಸುಮ್ಮನಿದ್ದರೆ ಒಪ್ಪಿಗೆ ಎಂದೇ ಅರ್ಥ. ಹೀಗೆ ಬಂದ ಮಾಹಿತಿ ಎರಡು ದಾರಿ ಹಿಡಿಯುತ್ತದೆ. ಒಂದು, ಹೆಸರು ತೆಗೆದು ಒಟ್ಟುಗೂಡಿಸಿದ ಅಂಕಿಅಂಶ. ಅದು ವರ್ಷ ವರ್ಷವೂ ಒಂದೇ ಮಾತನ್ನು ಹೇಳುತ್ತಿದೆ: ತೀರಾ ಬಡ ಬಡಾವಣೆಗಳ ಮಕ್ಕಳಲ್ಲಿ ಬೊಜ್ಜಿನ ಪ್ರಮಾಣ ಅತಿ ಸ್ಥಿತಿವಂತ ಬಡಾವಣೆಗಳ ಎರಡು ಪಟ್ಟಿಗಿಂತ ಹೆಚ್ಚು. ಇನ್ನೊಂದು ದಾರಿ ಮನೆಗೆ ಹೋಗುವ ಪತ್ರ. ‘ನಿಮ್ಮ ಮಗುವಿನ ತೂಕ ಇಷ್ಟು, ಅದು ಈ ವರ್ಗಕ್ಕೆ ಸೇರುತ್ತದೆ’ ಎಂದು ಹಲವು ಕಡೆ ಸ್ಥಳೀಯ ಆಡಳಿತ ಪೋಷಕರಿಗೆ ಬರೆಯುತ್ತದೆ. ಜನರ ಬಾಯಲ್ಲಿ ಅದಕ್ಕೆ ‘ಫ್ಯಾಟ್ ಲೆಟರ್’ ಎಂದೇ ಹೆಸರು.

ತೂಕ ಒಂದೇ. ಒಟ್ಟುಗೂಡಿಸಿ ಓದಿದಾಗ ಅದು ಬಡತನದ ಸುದ್ದಿ ಹೇಳುತ್ತದೆ: ಆ ಬೀದಿಯಲ್ಲಿ ತರಕಾರಿ ಅಂಗಡಿ ಇದೆಯೇ, ಆಡಲು ಜಾಗವಿದೆಯೇ, ಎರಡೆರಡು ಪಾಳಿ ದುಡಿಯುವ ತಾಯಿಗೆ ಅಡುಗೆ ಮಾಡಲು ಹೊತ್ತಿದೆಯೇ ಎಂದು ಕೇಳುವಂತೆ ಮಾಡುತ್ತದೆ. ಅದೇ ತೂಕ ಲಕೋಟೆಯೊಳಗೆ ಮನೆಗೆ ಬಂದಾಗ ಬೀದಿ ಮಾಯವಾಗುತ್ತದೆ. ಉಳಿಯುವುದು ಒಬ್ಬ ತಾಯಿ ಮತ್ತು ಅವಳ ಮಗು, ಜೊತೆಗೆ ಅವರು ಎಲ್ಲೋ ತಪ್ಪಿದ್ದಾರೆ ಎಂಬ ಭಾವ. ‘ತಾಯಿ’ ಎಂದು ಬೇಕೆಂದೇ ಬರೆದೆ. ಅಂಥ ಪತ್ರವನ್ನು ತಂದೆಯ ಅಡುಗೆಯ ಬಗ್ಗೆ ಬಂದ ದೂರು ಎಂದು ಯಾವ ಮನೆಯಲ್ಲೂ ಓದಲಾರರು.

ಪತ್ರದಿಂದ ಮಗುವಿಗೆ ಒಳಿತಾಗುವುದಾದರೆ ಆ ನೋವನ್ನು ಸಹಿಸಬಹುದಿತ್ತು. ಕ್ಯಾಲಿಫೋರ್ನಿಯಾದ 79 ಶಾಲೆಗಳ ಸುಮಾರು 29 ಸಾವಿರ ಮಕ್ಕಳ ಮೇಲೆ ಇದನ್ನು ಸರಿಯಾಗಿ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಶಾಲೆಗಳಲ್ಲಿ ಅಳೆದು ಪೋಷಕರಿಗೆ ವರದಿ ಕಳಿಸಿದರು, ಕೆಲವು ಕಡೆ ಅಳೆದು ಸುಮ್ಮನಿದ್ದರು, ಕೆಲವು ಕಡೆ ಅಳೆಯಲೇ ಇಲ್ಲ. ವರದಿ ಹೋದ ಮನೆಗಳ ಮಕ್ಕಳ ತೂಕದಲ್ಲಿ ಸುಧಾರಣೆ ಕಾಣಲಿಲ್ಲ. ಶಾಲೆಯಲ್ಲಿ ಅಳೆಸಿಕೊಂಡ ಮಕ್ಕಳಿಗೆ ತಮ್ಮ ಮೈಯ ಬಗ್ಗೆ ಅಸಮಾಧಾನ ಮಾತ್ರ ಹೆಚ್ಚಾಗಿತ್ತು.

ಬೆಂಗಳೂರಿನ ಶಾಲೆಯೊಂದರಲ್ಲಿ ಐದನೇ ತರಗತಿ ಓದುವ ನನ್ನ ಅಕ್ಕನ ಮಗನಿಗೂ ಹೋದ ವರ್ಷ ಅಂಥದ್ದೊಂದು ವರದಿ ಆ್ಯಪಿನಲ್ಲಿ ಬಂತು. ಎತ್ತರಕ್ಕೆ ಹಸಿರು, ಹಲ್ಲಿಗೆ ಹಳದಿ, ತೂಕಕ್ಕೆ ಕೆಂಪು. ಅಕ್ಕ ನೋಡುವ ಮೊದಲೇ ಅವನು ನೋಡಿದ್ದ. ‘ಚಿಕ್ಕಿ, ಕೆಂಪು ಅಂದ್ರೆ ಫೇಲಾ?’ ಎಂದು ನನ್ನನ್ನು ಕೇಳಿದ. ಅಲ್ಲ ಕಣೋ ಎಂದೆ. ನಂಬಿದಂತೆ ಕಾಣಲಿಲ್ಲ. ಅವನ ಮಟ್ಟಿಗೆ ಕೆಂಪು ಶಾಯಿಗೆ ಇರುವುದು ಒಂದೇ ಅರ್ಥ, ಅದನ್ನು ಕಲಿಸಿದ್ದೂ ಅದೇ ಶಾಲೆ.

ಈ ಬಣ್ಣದ ಆಟಕ್ಕೆ ಇತಿಹಾಸವಿದೆ. ತಿನಿಸುಗಳನ್ನು ಸಂಚಾರ ದೀಪದಂತೆ ಕೆಂಪು, ಹಳದಿ, ಹಸಿರು ಎಂದು ಗುರುತಿಸುವ ಪದ್ಧತಿ 1970ರ ದಶಕದಿಂದ ಅಮೆರಿಕದ ಚಿಕಿತ್ಸಾಲಯಗಳಲ್ಲಿತ್ತು. ಅಲ್ಲಿ ಎದುರಿಗೆ ಒಬ್ಬ ವೈದ್ಯರು, ಪಕ್ಕದಲ್ಲಿ ತಂದೆತಾಯಿ ಇರುತ್ತಿದ್ದರು. ತೂಕ ಇಳಿಸುವ ವ್ಯಾಪಾರದ ವೇಟ್ ವಾಚರ್ಸ್ ಕಂಪನಿ 2019ರಲ್ಲಿ ಅದನ್ನೇ 8ರಿಂದ 17 ವರ್ಷದವರಿಗೆ ‘ಕರ್ಬೋ’ ಎಂಬ ಆ್ಯಪ್ ಆಗಿ ಬಿಟ್ಟಿತು. 2022ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, 13 ವರ್ಷದೊಳಗಿನ ಮಕ್ಕಳ ಮಾಹಿತಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ ಆರೋಪದ ಮೇಲೆ 15 ಲಕ್ಷ ಡಾಲರ್ ದಂಡ ಕಟ್ಟಿಸಿತು. ದಂಡಕ್ಕಿಂತ ನನಗೆ ಮುಖ್ಯವೆನಿಸಿದ್ದು ಆದೇಶದ ಇನ್ನೊಂದು ಭಾಗ. ಅಕ್ರಮವಾಗಿ ಪಡೆದ ಮಾಹಿತಿಯನ್ನು ಅಳಿಸಿದರೆ ಸಾಲದು, ಆ ಮಾಹಿತಿಯಿಂದ ಕಲಿತು ಕಟ್ಟಿದ ಅಲ್ಗಾರಿದಮ್‌ಗಳನ್ನೂ ನಾಶ ಮಾಡಬೇಕು ಎಂದಿತ್ತು. ಕದ್ದ ಹಾಲಿನಿಂದ ತೆಗೆದ ಬೆಣ್ಣೆಯನ್ನೂ ಹಿಂದಿರುಗಿಸಬೇಕು ಎಂದ ಹಾಗೆ. ನಮ್ಮಲ್ಲಿ ಇನ್ನೂ ಬೆಣ್ಣೆಯ ಮಾತೇ ಬಂದಿಲ್ಲ.

ಇನ್ನೊಂದು ಬಗೆಯ ಪ್ರಯತ್ನವೂ ನಡೆದಿದೆ, ಅದನ್ನು ಹೇಳದಿದ್ದರೆ ಅನ್ಯಾಯ. ಯುರೋಪಿಯನ್ ಒಕ್ಕೂಟದ ಹಣದಲ್ಲಿ 2016ರಿಂದ 2020ರವರೆಗೆ ‘ಬಿಗ್ ಓ’ ಎಂಬ ಯೋಜನೆ ನಡೆಯಿತು. ಗ್ರೀಸ್, ಸ್ವೀಡನ್, ಐರ್ಲೆಂಡ್‌ನಂಥ ದೇಶಗಳ ಮಕ್ಕಳು ಫೋನು, ಕೈಗಡಿಯಾರಗಳ ಮೂಲಕ ತಮ್ಮ ಓಡಾಟ ದಾಖಲಿಸಿದರು, ಊಟದ ಚಿತ್ರ ಕಳಿಸಿದರು. ಅವರನ್ನು ರೋಗಿಗಳೆನ್ನದೆ ನಾಗರಿಕ ವಿಜ್ಞಾನಿಗಳು ಎಂದು ಕರೆದರು. ಉದ್ದೇಶ ಮಗುವಿಗೆ ಅಂಕ ಕೊಡುವುದಾಗಿರಲಿಲ್ಲ. ಶಾಲೆಯ ಸುತ್ತ ಎಂಥ ತಿಂಡಿ ಅಂಗಡಿಗಳಿವೆ, ಉದ್ಯಾನ ಎಷ್ಟು ದೂರ, ಇವು ಮಕ್ಕಳ ನಡವಳಿಕೆಯನ್ನು ಹೇಗೆ ತಿರುಗಿಸುತ್ತವೆ ಎಂದು ತಿಳಿದು ಆಡಳಿತಕ್ಕೆ ಹೇಳುವುದಿತ್ತು. ಇಲ್ಲಿ ಮಾಹಿತಿ ಬೀದಿಗೆ ಮುಖ ಮಾಡಿದೆ. ಆದರೂ ಒಂದು ಅಳುಕು ನನಗೆ ಉಳಿಯುತ್ತದೆ. ಅಂಗಡಿಯ ಬಗ್ಗೆ ತಿಳಿಯಲು ಮಗುವಿನ ಕೈಗೇ ಗಡಿಯಾರ ಏಕೆ ಕಟ್ಟಬೇಕು? ಐದು ರೂಪಾಯಿಯ ಕುರುಕಲು ಪ್ಯಾಕೆಟ್ಟು ಯಾವ ಊರಿನಲ್ಲಿ ದಿನಕ್ಕೆ ಎಷ್ಟು ಖರ್ಚಾಗುತ್ತದೆ ಎಂಬುದು ಅದನ್ನು ಮಾಡುವವರ ಕಂಪ್ಯೂಟರಿನಲ್ಲಿ ಈಗಾಗಲೇ ಇರುತ್ತದಲ್ಲ. ಸಾರ್ವಜನಿಕ ಹಿತಕ್ಕಾಗಿ ಹಂಚಿಕೊಳ್ಳಿ ಎಂದು ಮಕ್ಕಳನ್ನು ಕೇಳುವ ನಾವು ಅವರನ್ನು ಕೇಳುವುದಿಲ್ಲ. ಅದು ವ್ಯಾಪಾರದ ಗುಟ್ಟು. ಮಗುವಿನ ತೂಕ ಗುಟ್ಟಲ್ಲ.

ನಮ್ಮ ಅಂಗನವಾಡಿಗೆ ಬರೋಣ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐಸಿಡಿಎಸ್ ಆರಂಭವಾದಾಗ ಅವುಗಳಲ್ಲಿ ಒಂದು ನಮ್ಮ ಟಿ. ನರಸೀಪುರ. ಅಂದಿನಿಂದಲೂ ಅಂಗನವಾಡಿಯ ಮುಖ್ಯ ಕೆಲಸಗಳಲ್ಲಿ ತೂಗುವುದೂ ಒಂದು. ಮೈಸೂರು ಜಿಲ್ಲೆಯ ಅಂಗನವಾಡಿಯೊಂದರಲ್ಲಿ ಕ್ಷೇತ್ರಕಾರ್ಯಕ್ಕೆಂದು ಕೂತಿದ್ದಾಗ ಟೀಚರಮ್ಮ ಹಳೆಯ ಬೆಳವಣಿಗೆಯ ನಕ್ಷೆಯ ಪುಸ್ತಕ ತೋರಿಸಿದ್ದರು. ಒಂದು ಗೆರೆ ಕೆಳಗೆ ಬಾಗಿದ ಕಡೆ ಪೆನ್ಸಿಲ್‌ನಲ್ಲಿ ‘ಭೇದಿ’ ಎಂದಿತ್ತು, ಇನ್ನೊಂದರ ಪಕ್ಕ ‘ತಾಯಿ ಕೂಲಿಗೆ ಬೇರೆ ಊರು’. ಈಗ ತೂಕವನ್ನು 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್‌ಗೆ ಹಾಕಬೇಕು. ತಪ್ಪು ಲೆಕ್ಕ ಕಡಿಮೆಯಾಗಿದೆ, ವಿಂಗಡಣೆ ತಾನೇ ಆಗುತ್ತದೆ ಎಂದು ಅವರೇ ಹೇಳಿದರು. ‘ಆದ್ರೆ ಮೇಡಂ, ಯಾಕೆ ಅಂತ ಬರೆಯೋಕೆ ಜಾಗ ಇಲ್ಲ ನೋಡಿ ಇದ್ರಲ್ಲಿ’ ಎಂದೂ ಸೇರಿಸಿದರು. 2025ರ ಜುಲೈನಿಂದ ಮನೆಗೆ ಕೊಡುವ ಆಹಾರಕ್ಕೆ ಮುಖಗುರುತೂ ಕಡ್ಡಾಯವಾಗಿದೆ. ತೂಗುವುದಕ್ಕೂ ಕೊಡುವುದಕ್ಕೂ ನಡುವೆ ಇದ್ದ ನಂಬಿಕೆಯ ಜಾಗಕ್ಕೆ ಕ್ಯಾಮೆರಾ ಬಂದಿದೆ. ಅದೇ ವರ್ಷದ ಪೋಷಣ್ ಪಖ್ವಾಡದಲ್ಲಿ ಮಕ್ಕಳ ಬೊಜ್ಜೂ ಒಂದು ವಿಷಯವಾಗಿತ್ತು. ಹಸಿದ ಮಗುವನ್ನು ಹುಡುಕಲು ಕಟ್ಟಿದ ವ್ಯವಸ್ಥೆಯೇ ಇನ್ನು ಹೆಚ್ಚು ತಿಂದ ಮಗುವನ್ನೂ ಹುಡುಕಬೇಕು. ಹಸಿದ ಮಗು ಸಿಕ್ಕರೆ ಕೊಡಲು ಮೊಟ್ಟೆಯಿದೆ, ಪುಷ್ಟಿಯಿದೆ. ದಪ್ಪ ಮಗು ಸಿಕ್ಕರೆ ಕೊಡಲು ಏನಿದೆ? ಒಂದಷ್ಟು ಉಪದೇಶ.

ಕೊಡಲು ಏನೂ ಇಲ್ಲದವನಿಗೆ ಅಳೆಯುವ ಹಕ್ಕಿದೆಯೇ ಎಂಬುದು ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ. ಉಡುಪಿ, ಧರ್ಮಸ್ಥಳಗಳಲ್ಲಿ ಮಗುವಿನ ತುಲಾಭಾರ ಮಾಡಿಸುತ್ತಾರಲ್ಲ, ಅಲ್ಲೂ ತೂಗುವುದೇ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ದೊಡ್ಡವರು ತಮ್ಮ ಕೈಯಿಂದ ಬೆಲ್ಲ, ಅಕ್ಕಿ, ಬಾಳೆಹಣ್ಣು ಇಡಬೇಕು. ಮಗು ಭಾರವಾದಷ್ಟೂ ಹೊಣೆ ಹೊತ್ತವರ ಕೈ ಖಾಲಿಯಾಗುತ್ತದೆ. ಹರಕೆಯ ಬಗ್ಗೆ ನನಗೆ ಅಂಥ ನಂಬಿಕೆಯೇನಿಲ್ಲ, ಆ ಎರಡನೇ ತಟ್ಟೆಯ ಬಗ್ಗೆ ಮಾತ್ರ ಆಸೆಯಿದೆ.

ಇಷ್ಟು ಹೇಳಿದ ಮೇಲೆ ಅಳೆಯುವುದೇ ಬೇಡ ಎಂದುಬಿಡುವುದು ಸುಲಭ. ಹಾಗೆ ಹೇಳಲು ನನ್ನನ್ನು ಬಿಡದಿರುವುದು ಮೈಸೂರಿನ ಮಿಷನ್ ಆಸ್ಪತ್ರೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಎಂಬುದು ಅದರ ಪೂರ್ಣ ಹೆಸರು. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ದಪ್ಪ ದಾಖಲೆ ಪುಸ್ತಕಗಳಲ್ಲಿ ಬರೆದಿಟ್ಟರು. ಯಾವ ಸಂಶೋಧನೆಯೂ ಅವರ ಮನಸ್ಸಿನಲ್ಲಿರಲಿಲ್ಲ. ಅರವತ್ತು ವರ್ಷಗಳ ನಂತರ ಸಂಶೋಧಕರು ಆಸ್ಪತ್ರೆಯ ಸುತ್ತಲಿನ ಬಡಾವಣೆಗಳಲ್ಲಿ ತಿರುಗಿ, ಆ ಪುಸ್ತಕಗಳಲ್ಲಿ ಕೂಸಾಗಿ ದಾಖಲಾದವರನ್ನು ನಡುವಯಸ್ಸಿನವರಾಗಿ ಪತ್ತೆಹಚ್ಚಿದರು. 1996ರಲ್ಲಿ 517 ಜನರ ಅಧ್ಯಯನ ಪ್ರಕಟವಾಯಿತು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಮುಂದೆ ಹೃದ್ರೋಗ ಹೆಚ್ಚು ಎಂದು ಅದು ತೋರಿಸಿತು. ಬಸುರಿಯ ಹಸಿವು ಮಗುವಿನ ಐವತ್ತನೇ ವಯಸ್ಸಿನ ಎದೆನೋವಾಗಿ ಬರಬಹುದು ಎಂಬ ಸಂಗತಿ ಭಾರತದ ಮಟ್ಟಿಗೆ ಗಟ್ಟಿಯಾದದ್ದು ಹೀಗೆ.

ಆ ತಾಯಂದಿರನ್ನು ಯಾರೂ ಕೇಳಿರಲಿಲ್ಲ. ಇಂದಿನ ಒಪ್ಪಿಗೆಯ ನಿಯಮವನ್ನು ಹಿಂದಕ್ಕೆ ಹಾಕಿದರೆ ಆ ಪುಸ್ತಕಗಳನ್ನು ತೆರೆಯುವಂತೆಯೇ ಇರಲಿಲ್ಲ. ಆದರೂ ಅಲ್ಲಿ ಅನ್ಯಾಯವಾಯಿತು ಎಂದು ನನಗೆ ಅನ್ನಿಸುವುದಿಲ್ಲ. ಏಕೆ ಎಂದು ಯೋಚಿಸಿದರೆ ಎರಡು ಕಾರಣ ಹೊಳೆಯುತ್ತದೆ. ಆ ಸಂಖ್ಯೆಗಳನ್ನು ಬರೆದದ್ದು ಹೆರಿಗೆ ಮಾಡಿಸಿ ಕೂಸನ್ನು ಕೈಗೆತ್ತಿಕೊಂಡವರು. ಅಳತೆ ಆರೈಕೆಯ ಒಂದು ಭಾಗವಾಗಿತ್ತು. ಮತ್ತು ಆ ಸಂಖ್ಯೆ ಅರವತ್ತು ವರ್ಷ ಆ ಮಕ್ಕಳನ್ನು ಹಿಂಬಾಲಿಸಲಿಲ್ಲ. ಶಾಲೆಗೆ ಸೇರುವಾಗ, ಕೆಲಸ ಕೇಳುವಾಗ, ವಿಮೆ ಮಾಡಿಸುವಾಗ ಯಾರೂ ಆ ಪುಸ್ತಕ ತೆಗೆದು ನೋಡಲಿಲ್ಲ. ಕಾಗದಕ್ಕೆ ಇದ್ದ ಸೋಮಾರಿತನವೇ ಅವರಿಗೆ ರಕ್ಷಣೆಯಾಗಿತ್ತು. ಇಂದಿನ ಕಡತ ಕಪಾಟಿನಲ್ಲಿ ಕೂರುವುದಿಲ್ಲ, ಮಗುವಿನ ಜೊತೆಗೇ ನಡೆಯುತ್ತದೆ.

ಅಮೆರಿಕದ ತತ್ತ್ವಜ್ಞಾನಿ ಜೋಯೆಲ್ ಫೈನ್‌ಬರ್ಗ್ 1980ರಲ್ಲಿ ಮಗುವಿಗೆ ‘ತೆರೆದ ಭವಿಷ್ಯದ ಹಕ್ಕು’ ಇದೆ ಎಂದು ವಾದಿಸಿದ. ಮಗು ಇನ್ನೂ ಬಳಸಲಾರದ, ಆದರೆ ದೊಡ್ಡದಾದಾಗ ಬಳಸಬೇಕಾದ ಹಕ್ಕುಗಳನ್ನು ಈಗಲೇ ಯಾರೂ ಮುಚ್ಚಿಬಿಡಬಾರದು ಎಂದು ಅದರ ಅರ್ಥ. ಬೊಜ್ಜಿನ ವಿಷಯದಲ್ಲಿ ಈ ವಾದ ಎರಡೂ ಕಡೆಗೆ ಹರಿತ. ಹದಿನೈದಕ್ಕೇ ಸಕ್ಕರೆ ಕಾಯಿಲೆ ಬಂದರೂ ಭವಿಷ್ಯ ಮುಚ್ಚುತ್ತದೆ. ಹತ್ತನೇ ವಯಸ್ಸಿನ ತೂಕ ಕಡತದಲ್ಲಿ ಶಾಶ್ವತವಾಗಿ ಕೂತರೂ ಮುಚ್ಚುತ್ತದೆ. ಅಪಾಯ ಕಂಡ ವೈದ್ಯರು ಬಾಯಿ ಮುಚ್ಚಿಕೊಂಡಿರಬೇಕು ಎಂದು ನಾನು ಹೇಳಲಾರೆ. ಆದರೆ ಎದುರಿಗೆ ಕೂತು, ಮನೆಯ ಕಷ್ಟಸುಖ ಕೇಳಿ ವೈದ್ಯರು ಹೇಳುವುದಕ್ಕೂ ರಾತ್ರಿ ಒಂಬತ್ತಕ್ಕೆ ಫೋನಿನಲ್ಲಿ ಕೆಂಪು ಚುಕ್ಕೆ ಮೂಡುವುದಕ್ಕೂ ಅಂತರವಿದೆ.

ಕಾನೂನು ಒಂದಷ್ಟು ದೂರ ಜೊತೆ ಬರುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಎಂದಾಗ, ಬಾಲ್ಯದ ಡಿಜಿಟಲ್ ಹೆಜ್ಜೆಗುರುತುಗಳು ಜೀವನಪೂರ್ತಿ ಕಾಡಬಾರದು ಎಂಬ ಮಾತೂ ತೀರ್ಪಿನಲ್ಲಿ ಬಂದಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ; ಮಕ್ಕಳ ಚಲನವಲನ ಹಿಂಬಾಲಿಸುವುದನ್ನು, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನು ನಿಷೇಧಿಸುತ್ತದೆ. 2025ರ ನವೆಂಬರಿನಲ್ಲಿ ಬಂದ ನಿಯಮಗಳು ಆಸ್ಪತ್ರೆ, ಶಾಲೆಗಳಿಗೆ ಅಗತ್ಯವಿದ್ದಷ್ಟು ವಿನಾಯಿತಿ ಕೊಟ್ಟಿವೆ. ಸರಿಯೇ. ಆದರೆ ನಮ್ಮ ಪ್ರಶ್ನೆಯೆಲ್ಲ ಹುಟ್ಟುವುದು ಆ ‘ಅಗತ್ಯವಿದ್ದಷ್ಟು’ ಎಂಬುದರಲ್ಲೇ. ಇನ್ನು ಒಪ್ಪಿಗೆ ಕೊಡುವವರು ಪೋಷಕರು, ತೂಕ ಮಗುವಿನದು. ಹೆಸರು ತೆಗೆದರೆ ಸಾಕು ಎನ್ನುವವರೂ ಇದ್ದಾರೆ. ಏಳೇ ಮಕ್ಕಳಿರುವ ಹಳ್ಳಿ ಶಾಲೆಯಲ್ಲಿ ‘ಐದನೇ ತರಗತಿ, ಹುಡುಗಿ, ಅತಿತೂಕ’ ಎಂದರೆ ಊರಿಗೆಲ್ಲ ಹೆಸರು ಹೇಳಿದಂತೆಯೇ.

ಅಷ್ಟಕ್ಕೂ ಮಗುವನ್ನು ಮುಟ್ಟದೆಯೇ ಮಾಡಬಹುದಾದ ಕೆಲಸಗಳಿವೆ. ಚಿಲಿ ದೇಶ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣಗಳ ಮೇಲೆ ಎಂಟು ಮೂಲೆಯ ಕಪ್ಪು ಮುದ್ರೆ ಹಾಕಿಸಿತು, ಅವನ್ನು ಶಾಲೆಯೊಳಗೆ ಮಾರದಂತೆ ತಡೆಯಿತು, ಮಕ್ಕಳನ್ನು ಸೆಳೆಯುವ ಕಾರ್ಟೂನುಗಳನ್ನು ಅವುಗಳ ಮೇಲಿನಿಂದ ಅಳಿಸಿತು. ಅಲ್ಲಿ ವರ್ಗೀಕರಣವಾದದ್ದು ತಿನಿಸು. ಯಾವ ಮಗುವೂ ಕೆಂಪಾಗಲಿಲ್ಲ. 2025ರ ಮೇ ತಿಂಗಳಲ್ಲಿ ಸಿಬಿಎಸ್ಇ ತನ್ನ ಶಾಲೆಗಳಲ್ಲಿ ‘ಶುಗರ್ ಬೋರ್ಡ್’ ಹಾಕಲು ಹೇಳಿದ್ದನ್ನೂ ನಾನು ಈ ಸಾಲಿಗೇ ಸೇರಿಸುತ್ತೇನೆ: ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಎಂದು ಗೋಡೆಯ ಮೇಲೆ ಬರೆಯುವುದು. ಬೋರ್ಡಿನ ಕೆಳಗೇ ಶಾಲೆಯ ಕ್ಯಾಂಟೀನಿನಲ್ಲಿ ಅದೇ ಪಾನೀಯ ಮಾರುತ್ತಿದ್ದರೆ ಅದು ಬೇರೆ ಮಾತು.

ಮಿಷನ್ ಆಸ್ಪತ್ರೆಯ ಕತೆಗೆ ಮುಂದುವರಿಕೆಯಿದೆ. 1997-98ರಲ್ಲಿ ಅಲ್ಲಿಗೆ ಬಂದ ಎಂಟುನೂರಕ್ಕೂ ಹೆಚ್ಚು ಬಸುರಿಯರನ್ನು ಈ ಸಲ ಕೇಳಿಯೇ ಸೇರಿಸಿಕೊಂಡು ‘ಮೈಸೂರು ಪಾರ್ಥೆನಾನ್ ಅಧ್ಯಯನ’ ಶುರುವಾಯಿತು. ಹುಟ್ಟಿದ ಮಕ್ಕಳನ್ನು ಐದನೇ ವರ್ಷಕ್ಕೆ, ಒಂಬತ್ತೂವರೆಗೆ, ಹದಿಮೂರೂವರೆಗೆ ಮತ್ತೆ ಕರೆಸಿ ಅಳೆದರು. ಆ ಮಕ್ಕಳು ಈಗ ಹೆಚ್ಚುಕಡಿಮೆ ನನ್ನ ವಾರಿಗೆಯವರು. ಮೈಸೂರಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತವರಲ್ಲಿ ಒಬ್ಬರಾದರೂ ಇದ್ದಿರಬಹುದು. ಮೊದಲ ಸಲ ಹೂಂ ಎಂದವರು ಅವರ ತಾಯಂದಿರು. ಈಗ ಆಸ್ಪತ್ರೆಯಿಂದ ಫೋನು ಬಂದರೆ ಬರುತ್ತೇನೆ ಎನ್ನಬೇಕೋ ಒಲ್ಲೆ ಎನ್ನಬೇಕೋ ಎಂಬುದು ಅವರಿಗೇ ಬಿಟ್ಟದ್ದು. ನನ್ನ ಅಕ್ಕನ ಮಗನಿಗೆ ಹದಿನೆಂಟು ತುಂಬಿದಾಗ ಅವನ ಐದನೇ ತರಗತಿಯ ಕೆಂಪು ಚುಕ್ಕೆ ಯಾವ ಸರ್ವರಿನಲ್ಲಿರುತ್ತದೆ, ಅದನ್ನು ಅಳಿಸಿ ಎಂದು ಅವನು ಯಾರಿಗೆ ಹೇಳಬೇಕು ಎಂದು ಶಾಲೆಗೆ ಪತ್ರ ಬರೆದು ಕೇಳುವಂತೆ ಅಕ್ಕನಿಗೆ ಹೇಳಿದ್ದೇನೆ. ಪತ್ರ ಹೋಗಿ ಮೂರು ತಿಂಗಳಾಯಿತು.